ಎಂಎಸ್ ಇರೋರು ಮನೇಲೇ ಆನ್‌ಲೈನ್‌ನಲ್ಲಿ ಮಾಡ್ಕೊಳ್ಳೋ ನೆನಪು-ಗಮನದ ಟೆಸ್ಟ್ ನಂಬಬಹುದಾ?

ಪ್ರಶ್ನೆ: ಡಾಕ್ಟ್ರೇ, ನಂಗೆ ಮಲ್ಟಿಪಲ್ ಸ್ಕ್ಲೆರೋಸಿಸ್ (ಎಂಎಸ್, ಮೆದುಳು-ಬೆನ್ನುಹುರಿಯ ನರಗಳ ಕಾಯಿಲೆ) ಇದೆ, 6 ವರ್ಷ ಆಯ್ತು. ಚಿಹ್ನೆ ನೋಡಿ ಅದಕ್ಕೆ ಸರಿಯಾದ ಅಂಕಿ ಒತ್ತೋ ಒಂದು ಆನ್‌ಲೈನ್ ಟೆಸ್ಟ್ ಇದೆಯಲ್ಲ, ಅದನ್ನ ಹೋದ ತಿಂಗಳು ಲ್ಯಾಪ್‌ಟಾಪಲ್ಲಿ ಮಾಡ್ದಾಗ 52 ಬಂತು, ನಿನ್ನೆ ರಾತ್ರಿ ಮಲಗೋ ಮುಂಚೆ ಫೋನಲ್ಲಿ ಮಾಡ್ದೆ, 43. ನಿದ್ದೇನೇ ಬರ್ಲಿಲ್ಲ. ಮೆದುಳು ಹೋಗ್ತಾ ಇದೆಯಾ?

ಉತ್ತರ (ನ್ಯೂರೋಸೈಕಾಲಜಿಸ್ಟ್, ಅಂದ್ರೆ ನೆನಪು-ಗಮನ-ಯೋಚನೆ ಪರೀಕ್ಷಿಸೋ ತಜ್ಞರು): ಮೊದ್ಲು ಗಾಬರಿ ಬಿಡಿ, ಈ ಎರಡು ನಂಬರನ್ನ ಪಕ್ಕಪಕ್ಕ ಇಟ್ಟು ನೋಡೋ ಹಾಗೇ ಇಲ್ಲ. ನೀವು ಹೇಳ್ತಿರೋದು ಎಸ್‌ಡಿಎಂಟಿ (ಸಿಂಬಲ್ ಡಿಜಿಟ್ ಮೊಡಾಲಿಟೀಸ್ ಟೆಸ್ಟ್) ಥರದ ಟೆಸ್ಟು. 9 ಚಿಹ್ನೆ, ಪ್ರತಿಯೊಂದಕ್ಕೂ ಒಂದು ಅಂಕಿ, 90 ಸೆಕೆಂಡಲ್ಲಿ ಎಷ್ಟು ಸರಿ ಹೇಳ್ತೀರ ಅನ್ನೋದು. ಎಂಎಸ್‌ನಲ್ಲಿ ಸಾಮಾನ್ಯವಾಗಿ ಮೊದಲು ಪೆಟ್ಟು ತಿನ್ನೋದು ಯೋಚನೆಯ ಈ ವೇಗಾನೇ, ಅದಕ್ಕೇ ನಾವೂ ಇದನ್ನೇ ಹೆಚ್ಚು ಬಳಸ್ತೀವಿ. ಆದ್ರೆ ಕ್ಲಿನಿಕ್‌ನಲ್ಲಿ ಎಂಎಸ್ ಇರೋರ ಹತ್ರ ಉತ್ತರ ಸಾಮಾನ್ಯವಾಗಿ ಬಾಯಲ್ಲಿ ಹೇಳಿಸ್ತೀವಿ, ಯಾಕಂದ್ರೆ ಕೈ ನಿಧಾನ ಇದ್ರೆ ಆ ತಪ್ಪು ಮೆದುಳಿನ ಮೇಲೆ ಬರಬಾರದು ಅಂತ. ಫೋನಲ್ಲಿ ನೀವು ಸಣ್ಣ ಗುಂಡಿ ಒತ್ತಬೇಕು, ಬೆರಳು ಮರಗಟ್ಟಿದ್ರೆ, ನಡುಗ್ತಿದ್ರೆ, ಕಣ್ಣು ಮಂಜಾಗಿದ್ರೆ ಸ್ಕೋರ್ ಇಳಿಯತ್ತೆ, ಯೋಚನೆಗೇನೂ ಆಗಿರಲ್ಲ. ಅದರ ಮೇಲೆ ರಾತ್ರಿ ಹೊತ್ತು, ದಿನದ ಸುಸ್ತೆಲ್ಲ ಮೈಮೇಲೆ ಇರೋವಾಗ.

ಕಾಗದದ ಟೆಸ್ಟಲ್ಲಿ 4 ಅಂಕ ಇಳಿದ್ರೂ ಗಮನಿಸ್ಬೇಕು ಅಂತೀವಿ ನಿಜ, ಆದ್ರೆ ಅದು ಒಂದೇ ರೀತಿ ಟೆಸ್ಟ್ ಮಾಡ್ದಾಗ, ಲ್ಯಾಪ್‌ಟಾಪು ಫೋನು ಬೆರೆಸಿದಾಗ ಅಲ್ಲ. ಮಾಡೋದಾದ್ರೆ ಅದೇ ಸಾಧನ, ಅದೇ ಹೊತ್ತು, ಶಾಂತವಾದ ರೂಮು, ಸುಮಾರು ವರ್ಷಕ್ಕೊಂದ್ಸಲ. ವಾರವಾರ ಮಾಡ್ಬೇಡಿ, ಅಭ್ಯಾಸ ಆಗಿ ಅಂಕ ತಾನಾಗೇ ಏರತ್ತೆ, ಆಮೇಲೆ ನಿಜವಾದ ಇಳಿತ ಅದರಡಿ ಮುಚ್ಚಿಹೋಗತ್ತೆ.

ಇನ್ನೊಬ್ರು: ನಮ್ಮ ಯಜಮಾನ್ರಿಗೆ ಎಂಎಸ್, ಅವ್ರು ಟೆಸ್ಟ್ ಮಾಡ್ವಾಗ ನಾನು ಪಕ್ಕದಲ್ಲೇ ಕೂತು "ಅದಲ್ಲ, ಈ ಕಡೆ ಇರೋದು" ಅಂತ ಸ್ವಲ್ಪ ಹೇಳ್ಕೊಟ್ಟೆ, ತಪ್ಪಾ?

ಉತ್ತರ: ಹಾಗಾದ್ರೆ ಆ ಅಂಕದಲ್ಲಿ ಅರ್ಧ ನಿಮ್ದೇ ಕಣ್ರೀ! ಲಾಗಿನ್ ಮಾಡ್ಕೊಡಿ, ಸೂಚನೆ ಓದಿ ಹೇಳಿ, ಆಮೇಲೆ ಎದ್ದು ಬೇರೆ ರೂಮಿಗೆ ಹೋಗಿ. ಕ್ಲಿನಿಕಲ್ಲಿ ನಾವು ಎದುರಿಗೆ ಕೂತು ನೋಡ್ತಿರ್ತೀವಿ, ಇವ್ರು ತಪ್ಪು ಸಾಲು ಓದಿದ್ರಾ, ಮಧ್ಯೆ ಬೇಜಾರಾಗಿ ಬಿಟ್ರಾ ಅಂತ. ಮನೇಲಿ ಮಾಡೋ ಟೆಸ್ಟಿಗೆ ಆ ಕಣ್ಣು ಇರಲ್ಲ.

ಇನ್ನೊಬ್ರು: ನಂಗೆ ಸ್ಕೋರ್ ನಾರ್ಮಲ್ ಅಂತ ಬರತ್ತೆ, ಆದ್ರೆ ಆಫೀಸ್ ಮೀಟಿಂಗಲ್ಲಿ ಇಬ್ರು ಒಟ್ಟಿಗೆ ಮಾತಾಡಿದ್ರೆ ನಾನು ಕಳ್ದೇ ಹೋಗ್ತೀನಿ. ಎಲ್ಲಾ ನನ್ನ ಭ್ರಮೆನಾ?

ಉತ್ತರ: ಭ್ರಮೆ ಅಲ್ಲ. ನಾರ್ಮಲ್ ಅಂದ್ರೆ ನಿಮ್ಮ ವಯಸ್ಸಿನವರ ಸರಾಸರಿಗೆ ಹತ್ರ ಅಂತ ಅಷ್ಟೇ. ನೀವು ಮೊದಲು ಆ ಸರಾಸರಿಗಿಂತ ತುಂಬಾ ಮೇಲಿದ್ದು ಈಗ ಅಲ್ಲಿಗೆ ಇಳಿದಿದ್ರೆ ಅದು ಒಂದ್ಸಲದ ಟೆಸ್ಟಿಗೆ ಗೊತ್ತಾಗಲ್ಲ. ಅದೂ ಅಲ್ದೆ ಟೆಸ್ಟ್ ಮಾಡ್ವಾಗ ಒಂದೇ ಕೆಲಸ, ಮೀಟಿಂಗಲ್ಲಿ ಹತ್ತು. ಇನ್ನೊಂದು ಮಾತು, ಬೇಜಾರಾಗ್ಬೇಡಿ: "ನಂಗೆ ಮರೆವು ಜಾಸ್ತಿ" ಅನ್ನೋ ಅನಿಸಿಕೆ ಎಷ್ಟೋ ಸಲ ಟೆಸ್ಟಿನ ಅಂಕಕ್ಕಿಂತ ಖಿನ್ನತೆಗೇ ಹೆಚ್ಚು ತಾಳೆ ಆಗತ್ತೆ. ಖಿನ್ನತೆ, ನಿದ್ದೆಗೇಡು, ಸ್ನಾಯು ಸೆಳೆತಕ್ಕೆ ಕೊಡೋ ಬ್ಯಾಕ್ಲೋಫೆನ್, ಮೂತ್ರದ ಅವಸರಕ್ಕೆ ಕೊಡೋ ಕೆಲವು ಮಾತ್ರೆ, ಇವೆಲ್ಲ ತಲೆ ಮಂಕು ಮಾಡ್ತಾವೆ, ಇವುಗಳಿಗೆ ದಾರಿನೂ ಇದೆ. ಮಾತ್ರೆ ನೀವಾಗೇ ನಿಲ್ಲಿಸ್ಬೇಡಿ, ಪಟ್ಟಿ ತಗೊಂಡು ನ್ಯೂರಾಲಜಿಸ್ಟ್ ಹತ್ರ ಹೋಗಿ.

ಮೊದಲನೇ ಪ್ರಶ್ನೆ ಕೇಳಿದವ್ರು: ಥ್ಯಾಂಕ್ಸ್ ಡಾಕ್ಟ್ರೇ. ಹಾಗಾದ್ರೆ ಯಾವಾಗ ನಿಜವಾಗ್ಲೂ ಡಾಕ್ಟ್ರಿಗೆ ಫೋನ್ ಮಾಡ್ಬೇಕು?

ಉತ್ತರ: ಕೆಲವೇ ದಿನದಲ್ಲಿ ಯೋಚನೆ ಇದ್ದಕ್ಕಿದ್ದಂಗೆ ಮಂದ ಆಯ್ತು, ಪಕ್ಕದವರಿಗೂ ಗೊತ್ತಾಗೋ ಅಷ್ಟು ಅಂದ್ರೆ ತಕ್ಷಣ ಮಾಡಿ, ಅದು ರಿಲ್ಯಾಪ್ಸೂ (ಎಂಎಸ್ ಮತ್ತೆ ಕೆರಳೋದು) ಇರಬಹುದು, ಜ್ವರ ಅಥವಾ ಮೂತ್ರದ ಸೋಂಕೂ ಇರಬಹುದು. ಇಲ್ದಿದ್ರೆ ಇವತ್ತು ನಿದ್ದೆ ಮಾಡಿ, ಇದೊಂದ್ಸಲ ಮಾತ್ರ ಇನ್ನೊಂದಿನ ಅದೇ ಲ್ಯಾಪ್‌ಟಾಪಲ್ಲಿ ಬೆಳಗ್ಗೆ ಟೆಸ್ಟ್ ಮಾಡಿ, ಏನು ಬಂತು ಅಂತ ಇಲ್ಲೇ ಹಾಕಿ.