ಅಗ್ಗದ ಬಕೆಟ್ಟಿಗೆ ಅಡ್ವಾನ್ಸ್ ಕೊಡೂ ಮೊದಲ

ತಮ್ಮಾ, ಗ್ರೂಪಿನ್ಯಾಗ ನೀ ಹಾಕಿದ ಎರಡೂ ಫೋಟೋ ನೋಡಿದೆ. ಮಣ್ಣು ತೋಡೂ ಇಪ್ಪತ್ತು ಟನ್ನಿನ ಎಕ್ಸ್‌ಕವೇಟರ್ ಮಷೀನಿಗೆ ಹಚ್ಚೂ ಬಕೆಟ್ಟು ಕಂಪನಿ ಬಕೆಟ್ಟಿನ ಅರ್ಧಾ ರೇಟಿಗೆ ಸಿಗಾಕತ್ತೈತಿ, ಮಾರಾವ "ಪೂರಾ ಹಾರ್ಡಾಕ್ಸ್" (ಲಗೂನ ಸವಿಯದ ಗಡಸು ಉಕ್ಕು) ಅಂತಾನ, ತೊಗೊಳ್ಳಲೇನು ಅಂತ ಕೇಳಿದಿ. ಫೋಟೋದಾಗ ಬಣ್ಣ ಕಾಣ್ತೈತಿ, ಅಷ್ಟ. ಹೋಗಿ ಕೈಲೆ ಮುಟ್ಟಿ ನೋಡಬೇಕು. ಏನೇನು ನೋಡಬೇಕು ಹೇಳ್ತೀನಿ, ನಿಧಾನ ಕೇಳು.

ಅಗ್ಗದ ಬಕೆಟ್ಟು ಬೆನ್ನಿನ ತಗಡು ಸವದು ಹಾಳಾಗೂದು ಕಡಿಮಿ. ಅದಕ್ಕಿಂತ ಮೊದಲ, ಬಕೆಟ್ಟನ್ನ ಮಷೀನಿನ ತೋಳಿಗೆ ಹಚ್ಚಾಕ ಪಿನ್ ಹಾಕೂ ಕಿವಿ ಬುಡದಾಗ ವೆಲ್ಡಿಂಗ್ ಬಿರೀತೈತಿ, ಇಲ್ಲಾ ಹಲ್ಲು ಕೂಡೂ ಮುಂದಿನ ಅಂಚು, ಅಂದ್ರ ಲಿಪ್ ಪ್ಲೇಟ್ ಬಾಗ್ತೈತಿ. ಅದಕ್ಕ ಶುರು ಕಿವಿಯಿಂದ ಮಾಡು. ಎರಡೂ ಕಿವಿಯೊಳಗ ಒಂದ ನೆಟ್ಟಗಿನ ಪಿನ್ ತೂರ್ಸು. ಕೈಲೆ ದೂಡಿದ್ರ ಈ ಕಡೆಯಿಂದ ಆ ಕಡೆ ಸರಳ ಹೋಗಬೇಕು. ಹತೋಡಿ ಬೇಕಾತಂದ್ರ, ತೂತು ಮೊದಲ ಕೊರದು ಆಮ್ಯಾಲ ಕಿವಿ ವೆಲ್ಡ್ ಮಾಡ್ಯಾರಂತ ತಿಳ್ಕೋ. ವೆಲ್ಡಿಂಗ್ ಕಾವಿಗೆ ಪ್ಲೇಟ್ ಎಳೀತೈತಿ, ತೂತಿನ ಸಾಲು ತಪ್ತೈತಿ. ಸರಿ ಮಾಡಾವ್ರು ಕಿವಿ ಹಚ್ಚಿದ ಮ್ಯಾಲ ಲೈನ್ ಬೋರಿಂಗ್ ಮಾಡ್ತಾರ, ಅಂದ್ರ ಎರಡೂ ತೂತು ಒಂದ ಸಾಲಿನ್ಯಾಗ ಕೊರೀತಾರ. ಸಾಲು ತಪ್ಪಿದ್ರ ಪಿನ್ನು ಬುಷ್ಶಿನ (ಪಿನ್ ಸುತ್ತಲಿನ ಕೊಳವಿ) ಒಂದ ಅಂಚಿನ ಮ್ಯಾಲ ಭಾರ ಹಾಕ್ತೈತಿ, ಅಲ್ಲಿ ಗ್ರೀಸ್ ನಿಲ್ಲಂಗಿಲ್ಲ, ಬುಷ್ ಒಂದ ಕಡೆ ತಿಂದು ಬಕೆಟ್ ಅಲ್ಲಾಡಾಕ ಹತ್ತತೈತಿ. ಆಮ್ಯಾಲ ಮಷೀನಿನ ತೋಳಿನ, ಅಂದ್ರ ಆರ್ಮಿನ ಬುಷ್ಶೂ ಹೋಗ್ತಾವ. ಉಳಿಸಿದ ರೊಕ್ಕ ಅಲ್ಲೇ ಮುಗೀತು.

ಕಿವಿ ಪ್ಲೇಟು ಮ್ಯಾಲಿನ ತಗಡಿನ ಮ್ಯಾಲ ಬರೇ ನಿಂದ್ರಿಸಿರಬಾರದು. ಮ್ಯಾಲಿನ ಪೆಟ್ಟಿಗಿಯಂಥಾ ಭಾಗಕ್ಕ ಕೂಡಿ, ಬೆನ್ನಿನಗುಂಟ ಕೆಳಗ ಇಳದು ಬಂದಿರಬೇಕು. ಬುಡದಾಗ ಸ್ವಲ್ಪ ಬಣ್ಣ ಕೆರಿಯಾಕ ಒಪ್ಪಿಗಿ ಕೇಳು. ವೆಲ್ಡಿಂಗ್ ಅಂಚಿನಗುಂಟ ಪ್ಲೇಟ್ ತಿಂದ ಗೆರಿ, ಸೂಜಿ ತೂತು, ಪುಟ್ಟಿ, ಇವು ಕಂಡ್ರ ಬ್ಯಾಡ. ವೆಲ್ಡಿಂಗ್ ಮೂಲಿಯೊಳಗ ನಿಂತಿರಬಾರದು, ಮೂಲಿ ಸುತ್ತಿ ಮುಂದ ಹೋಗಿರಬೇಕು. ಕೆರಿಯಾಕ ಬಿಡದಿದ್ರ ಆ ಬಕೆಟ್ ನನಗ ಬ್ಯಾಡ ಅನ್ನಿಸ್ತೈತಿ.

ಇನ್ನ ಹಾರ್ಡಾಕ್ಸ್ ಮಾತು. ಸಾದಾ ಕಬ್ಬಿಣದ ಪ್ಲೇಟಿನ ಗಡಸುತನ ಬ್ರಿನೆಲ್ ಅಳತಿಯೊಳಗ ಸುಮಾರು 120ರಿಂದ 150, ಹಾರ್ಡಾಕ್ಸ್ 450 ಅಂದ್ರ 425ರಿಂದ 475. ಮೂರು ಪಟ್ಟು ಫರಕ ಇದ್ದದ್ದು ಮುಚ್ಚಿ ಇಡಾಕ ಬರಂಗಿಲ್ಲ. ಸ್ಪ್ರಿಂಗ್ ಇರೂ ಆಟೋಮ್ಯಾಟಿಕ್ ಸೆಂಟರ್ ಪಂಚ್ (ಚೂಪು ಮೊನಿಲೆ ಸಣ್ಣ ಗುಳಿ ಬೀಳಿಸೂ ಸಾಮಾನು) ಒಯ್ಯಿ, ಅದು ಪ್ರತಿ ಸಲ ಒಂದ ಸಮ ಜೋರಲೆ ಹೊಡಿತೈತಿ. ಸಾದಾ ಕಬ್ಬಿಣದ ತುಂಡಿನ ಮ್ಯಾಲ ಒಂದು, ಬಣ್ಣ ಕೆರದ ಲಿಪ್ ಪ್ಲೇಟಿನ ಮ್ಯಾಲ ಒಂದು ಹೊಡಿ. ಎರಡೂ ಗುಳಿ ಒಂದ ಅಳತಿ ಇದ್ರ ಲಿಪ್ ಸಾದಾ ಕಬ್ಬಿಣ. ಪಂಚಿನ ಜೋಡಿ, ಉಕ್ಕು ಮಾಡಿದ ಕಾರ್ಖಾನಿ ಕೊಡೂ ಮಿಲ್ ಟೆಸ್ಟ್ ಸರ್ಟಿಫಿಕೇಟೂ ಕೇಳು.

ಪ್ಲೇಟ್ ದಪ್ಪ ತೆರದ ಅಂಚಿನ್ಯಾಗ ವರ್ನಿಯರ್ ಹಿಡದು ಅಳಿ. ಅಂಚು ಸಿಗದಿದ್ರ ಕಾಟಾಕ್ಕ ಒಯ್ದು ತೂಕ ಮಾಡ್ಸು. ಒಂದು ಚದರ ಮೀಟರ್ ಉಕ್ಕು, ಪ್ರತಿ ಮಿಲಿಮೀಟರ್ ದಪ್ಪಕ್ಕ 7.85 ಕೆಜಿ. ಬೆನ್ನಿನ ತಗಡು ಎರಡು ಚದರ ಮೀಟರ್ ಅಂತ ಹಿಡಿ, 16 ಎಂಎಂ ಅಂತ ಹೇಳಿ 12 ಹಾಕಿದ್ರ ಅದೊಂದರಾಗ 63 ಕೆಜಿ ಕಡಿಮಿ ಬರ್ತೈತಿ. ಅಳತಿ ತೊಗೊಂಡು ಒಂದೊಂದ ಪ್ಲೇಟಿನ ಲೆಕ್ಕಾ ಹಾಕು, ಸುಳ್ಳು ಹೊರಗ ಬರ್ತೈತಿ.

ಆಕಾರನೂ ನೋಡು. ಬಕೆಟ್ಟಿನ ಬಾಯಿ ಅಗಲ, ಹಿಂದಿನ ಭಾಗ ಸ್ವಲ್ಪ ಸಣ್ಣದು ಇರಬೇಕು. ಎರಡೂ ಒಂದ ಅಗಲ ಇದ್ರ ಪಕ್ಕದ ತಗಡು ತೋಡಿದ ಗುಂಡಿಯ ಗೋಡಿಗೆ ಉಜ್ಜತೈತಿ, ಡೀಸೆಲ್ ಸುಮ್ಮನ ಹೋಗ್ತೈತಿ, ಹಸಿ ಎರಿ ಮಣ್ಣು ಒಳಗ ಅಂಟಿ ಬೀಳಂಗಿಲ್ಲ. ಒಳಗಿನ ವೆಲ್ಡಿಂಗ್ ಉಬ್ಬಿದ್ರೂ ಅದ ತ್ರಾಸ. ಎಷ್ಟು ಮಣ್ಣು ಹಿಡಿತೈತಿ ಅಂತ ಕ್ಯೂಬಿಕ್ ಮೀಟರ್ ಲೆಕ್ಕ ಹೇಳಿದ್ರ, ಮಟ್ಟಸದ್ದೋ ಗುಡ್ಡಿ ಹಾಕಿದ್ದೋ ಕೇಳು, ಮಾರಾವ್ರು ಗುಡ್ಡಿ ಲೆಕ್ಕಾನ ಹೇಳ್ತಾರ. ಹಲ್ಲು ಕೈಲೆ ಅಲ್ಲಾಡ್ಸು, ಹೊಸಾದ್ರಾಗ ಸಡ್ಲಿದ್ರ ಹಲ್ಲು ಕೂಡೂ ಅಡಾಪ್ಟರಿನ ಮೂಗು ಬ್ಯಾಗ ಸವೀತೈತಿ.

ಬಸವನ ಬಾಗೇವಾಡಿ ಕಡೆ ಬರೇ ಎರಿ ಹೊಲದಾಗ ಕೃಷಿ ಹೊಂಡ ತೆಗಿಯೂದಿದ್ರ ಪೂರಾ ಹಾರ್ಡಾಕ್ಸ್ ಬೇಕಾಗಿಲ್ಲ. ಲಿಪ್ಪು, ಸೈಡ್ ಕಟರ್ (ಬಾಯಿ ಎರಡೂ ಬಾಜೂಕ ಹಚ್ಚೂ ಕೊರಿಯೂ ಪಟ್ಟಿ) ಗಡಸು ಇದ್ದು ಕಿವಿ ಸರಿ ಇದ್ರ ಅಗ್ಗದ್ದ ಸಾಕು, ತೊಗೊ. ಕೆಳಗ ಕರಿಕಲ್ಲು ಸಿಗೂ ಜಾಗಾ ಆದ್ರ ಬಕೆಟ್ಟಿನ ಹಿಮ್ಮಡಿ (ತಳದ ಹಿಂದಿನ ಬಾಗು) ಕಡೆ ಗಡಸು ಪಟ್ಟಿನೂ ಇರಬೇಕು, ಇಲ್ಲಂದ್ರ ತಳ ಮೊದಲ ಸವೀತೈತಿ.

ಇವತ್ತ ವೆಲ್ಡ್ ಮಾಡಿದ್ದು ಇವತ್ತ ತರಬ್ಯಾಡ. ತೇವ ಹಿಡದ ವೆಲ್ಡಿಂಗ್ ರಾಡಿನಿಂದ, ಪ್ಲೇಟ್ ಮೊದಲ ಕಾಸದೆ ವೆಲ್ಡ್ ಮಾಡಿದ್ರ ಗಡಸು ಪ್ಲೇಟ್ ಒಂದೆರಡು ದಿನ ಬಿಟ್ಟು ಬಿರೀಬಹುದು. ಎರಡು ದಿನ ಬಿಟ್ಟು ಲಿಪ್ ಅಂಚು ಇನ್ನೊಮ್ಮೆ ನೋಡು. ಅಡ್ವಾನ್ಸ್ ಕೊಡೂ ಮೊದಲ ನಿನ್ನ ಮಷೀನಿನ ಪಿನ್ ದಪ್ಪ, ಎರಡು ಕಿವಿ ನಡುವಿನ ಗ್ಯಾಪ್, ಎರಡು ಪಿನ್ನಿನ ಸೆಂಟರ್‌ದಿಂದ ಸೆಂಟರ್ ಅಂತರ, ಮೂರೂ ಅಳದು ಗ್ರೂಪಿನ್ಯಾಗ ಹಾಕು. ಬಕೆಟ್ಟಿನ ಅಳತಿನೂ ಬಾಜೂಕ ಬರಿ, ಕೂಡಿಸಿ ನೋಡಿ ಹೇಳ್ತೀನಿ.