ಕರೆಯದೆ ಮನೆಯೊಳಗೆ ಬಂದರೆ ಕಾನೂನು ಏನನ್ನುತ್ತದೆ?

ಕೇಳಿದ್ದು: ಶಿರಸಿ ತಾಲೂಕಿನ ತೋಟದ ಮನೆ. ಅಪ್ಪ, ಅಮ್ಮ ಇಬ್ಬರೇ ಇರುವುದು. ಪಾತ್ರೆಗೆ ಮೆರುಗು ಹಾಕುತ್ತೇವೆ, ಸಾಲ ಕೊಡಿಸುತ್ತೇವೆ ಎಂದು ಬರುವವರು ದಣಪೆ (ಬೇಲಿಯ ಗೇಟು) ದಾಟಿ, ಜಗಲಿ ಹತ್ತಿ, ಸೀದಾ ನಡುಮನೆಗೇ ಬಂದು ಕೂರುತ್ತಾರೆ. ಹೋಗಿ ಅಂದರೂ ಏಳುವುದಿಲ್ಲ. ಇದು ಅಪರಾಧವೇ? ಏನು ಮಾಡಬಹುದು?

ಶಿರಸಿಯಿಂದ ಒಬ್ಬರ ಉತ್ತರ: ಕರೆಯದೆ ಬಂದದ್ದಷ್ಟೇ ಅಪರಾಧವಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 329ನೇ ಕಲಂ ಉದ್ದೇಶವನ್ನು ನೋಡುತ್ತದೆ. ಅಪರಾಧ ಮಾಡಲು, ಹೆದರಿಸಲು, ಅವಮಾನಿಸಲು ಅಥವಾ ಕಿರಿಕಿರಿ ಕೊಡಲು ಬಂದಿರಬೇಕು. ನ್ಯಾಯವಾಗಿಯೇ ಒಳಗೆ ಬಂದವನು ಅದೇ ಉದ್ದೇಶದಿಂದ ಅಲ್ಲೇ ಉಳಿದರೂ ಅತಿಕ್ರಮವೇ (ಟ್ರೆಸ್‌ಪಾಸ್). ಹಾಗಾಗಿ ‘ಹೊರಗೆ ಹೋಗಿ’ ಎಂದು ಜೋರಾಗಿ, ಸ್ಪಷ್ಟವಾಗಿ, ಎರಡು ಸಲ ಹೇಳಬೇಕು. ಆಮೇಲೂ ಕೂತವನಿಗೆ ‘ಗೊತ್ತಾಗಲಿಲ್ಲ’ ಎನ್ನಲು ಬರುವುದಿಲ್ಲ. ನಮ್ಮ ಹಿರಿಯರು ದಾಕ್ಷಿಣ್ಯಕ್ಕೆ ನೀರು, ಬೆಲ್ಲ ಕೊಟ್ಟು ಕೂರಿಸುತ್ತಾರೆ. ಅಪರಿಚಿತರಿಗೆ ಅದನ್ನು ಜಗಲಿಯಲ್ಲೇ ಕೊಡಲಿ, ಒಳಬಾಗಿಲು ಮುಚ್ಚಿರಲಿ.

ಶಿಕ್ಷೆ: ತೋಟ, ತೆರೆದ ಅಂಗಳವಾದರೆ 3 ತಿಂಗಳವರೆಗೆ ಜೈಲು, ಮನೆಯೊಳಗಾದರೆ 1 ವರ್ಷದವರೆಗೆ. ಎರಡರಲ್ಲೂ 5,000 ರೂಪಾಯಿವರೆಗೆ ದಂಡವೂ ಆಗಬಹುದು. ಹೊಸ್ತಿಲೊಳಗೆ ಒಂದು ಕಾಲಿಟ್ಟರೂ ಪ್ರವೇಶವೇ.

ಕಾರವಾರದಿಂದ: ಅಗುಳಿ ಹಾಕುವುದರಿಂದ ಕಾನೂನೇ ಬದಲಾಗುತ್ತದೆ, ಇದು ಬಹಳ ಜನರಿಗೆ ತಿಳಿದಿಲ್ಲ. ತೆರೆದ ಬಾಗಿಲಲ್ಲಿ ಬಂದರೆ ಗೃಹ ಅತಿಕ್ರಮ ಮಾತ್ರ. ಹಾಕಿದ ಅಗುಳಿ ಎತ್ತಿ, ಬೀಗ ತೆಗೆದು, ಹಂಚು ಸರಿಸಿ, ಬಚ್ಚಲ ಕಿಟಕಿಯಲ್ಲಿ ನುಸುಳಿ ಅಥವಾ ಮನೆಯವರನ್ನು ದೂಡಿ ಬಂದರೆ ಅದು ಮನೆ ಒಡೆಯುವುದು, 331ನೇ ಕಲಂ. ಹಗಲಲ್ಲಿ 2 ವರ್ಷದವರೆಗೆ, ಸೂರ್ಯಾಸ್ತದಿಂದ ಸೂರ್ಯೋದಯದೊಳಗೆ 3 ವರ್ಷದವರೆಗೆ. ಕಳವಿಗೆಂದೇ ರಾತ್ರಿ ಒಡೆದರೆ 14 ವರ್ಷದವರೆಗೂ ಹೋಗುತ್ತದೆ. ಜನ ವಾಸವಿರುವ ನಾವೆಗೂ ಇದೇ ಕಾನೂನು. ಬೈತಖೋಲ ಬಂದರಿನಲ್ಲಿ ಬೋಟಿನಲ್ಲೇ ಉಳಿಯುವವರು ಇದನ್ನು ನೆನಪಿಡಬೇಕು.

ಕುಮಟಾದಿಂದ: ದೂರು ಬಿದ್ದುಹೋಗುವುದು ಬರೆಯುವ ರೀತಿಯಿಂದ. ‘ಬಂದು ಗಲಾಟೆ ಮಾಡಿದರು’ ಎಂದಷ್ಟೇ ಬರೆದರೆ ಅತಿಕ್ರಮದ ಅಂಶವೇ ಕಾಣುವುದಿಲ್ಲ. ಗಂಟೆ ಎಷ್ಟು, ಯಾವ ಬಾಗಿಲು, ಅಗುಳಿ ಇತ್ತೇ ಇಲ್ಲವೇ, ಯಾರು ಎಷ್ಟು ಸಲ ಹೋಗಿ ಎಂದರು, ಆಮೇಲೆ ಎಷ್ಟು ಹೊತ್ತು ಕೂತರು, ಏನು ಮಾತಾಡಿದರು, ಗಾಡಿ ನಂಬರು ಏನು, ಇಷ್ಟೂ ಬರಲಿ. ಆ ಕ್ಷಣಕ್ಕೆ 112ಕ್ಕೆ ಕರೆ ಮಾಡಿ. ಕರೆ ಮಾಡಿದ ಹೊತ್ತೂ ಮುಂದೆ ಸಾಕ್ಷಿಯಾಗುತ್ತದೆ. ದೂರನ್ನು ಯಾವ ಠಾಣೆಯಲ್ಲಾದರೂ ಕೊಡಬಹುದು. ಆನ್‌ಲೈನಿನಲ್ಲಿ ಕೊಟ್ಟರೆ 3 ದಿನದೊಳಗೆ ಸಹಿ ಹಾಕಬೇಕು. ಎಫ್‌ಐಆರ್ ಪ್ರತಿ ಉಚಿತ. ಠಾಣೆಯಲ್ಲಿ ದಾಖಲಿಸದಿದ್ದರೆ ಕಾರವಾರದ ಎಸ್‌ಪಿ ಕಚೇರಿಗೆ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ, ರಸೀದಿ ಇಟ್ಟುಕೊಳ್ಳಿ. ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟರಿಗೆ ಅರ್ಜಿ.

ಹೊನ್ನಾವರದಿಂದ: ಹಿಡಿದು ಕಂಬಕ್ಕೆ ಕಟ್ಟಿ ಹೊಡೆಯುವ ಕೆಲಸ ದಯವಿಟ್ಟು ಬೇಡ. ಬರೀ ಗೃಹ ಅತಿಕ್ರಮಕ್ಕೆ ಜಾಮೀನು ಹಕ್ಕಾಗಿ ಸಿಗುತ್ತದೆ, ಖಾಸಗಿಯವರು ಬಂಧಿಸುವಂತಿಲ್ಲ. ಮನೆ ಒಡೆಯುವುದು ಜಾಮೀನುರಹಿತ. ಕಣ್ಣೆದುರೇ ನಡೆದರೆ ಹಿಡಿಯಬಹುದು, ಆದರೆ 6 ಗಂಟೆಯೊಳಗೆ ಪೊಲೀಸರಿಗೆ ಒಪ್ಪಿಸಬೇಕು. ಆತ್ಮರಕ್ಷಣೆಯ ಹಕ್ಕು ಇದೆ. ರಾತ್ರಿ ಮನೆ ಒಡೆದವನ ಎದುರು ಅದು ಬಹಳ ದೊಡ್ಡದು, ಆದರೂ ಬೇಕಾದಷ್ಟೇ ಬಲ. ಬರಿಗೈಯಲ್ಲಿ ಅಂಗಳ ದಾಟಿ ಓಡುವವನ ಬೆನ್ನಿಗೆ ಕತ್ತಿ ಬೀಸಿದರೆ ಆರೋಪಿ ನೀವೇ. ಹಂದಿಗೆಂದು ಬೇಲಿಗೆ ಕರೆಂಟು ಬಿಡುವುದೂ ಹಾಗೆಯೇ, ಸತ್ತವನು ಕಳ್ಳನಾದರೂ ಕೇಸು ನಿಮ್ಮ ಮೇಲೆ.

ಶಿರಸಿಯಿಂದ ಮತ್ತೆ: ಒಂದು ಸೇರಿಸುತ್ತೇನೆ. ಕಲಂ ನೋಡುವುದು ಸ್ವಾಧೀನದಲ್ಲಿ ಯಾರಿದ್ದಾರೆ ಎಂದು, ಪಹಣಿಯಲ್ಲಿ ಯಾರ ಹೆಸರಿದೆ ಎಂದಲ್ಲ. ಬಾಡಿಗೆಯವರು ಮಾಲೀಕನ ಮೇಲೂ ದೂರು ಕೊಡಬಹುದು. ಹಿಸ್ಸೆಯಾಗದ ಮನೆಗೆ ದಾಯಾದಿ ಬಂದರೆ ಮಾತ್ರ ಕ್ರಿಮಿನಲ್ ಕೇಸು ನಿಲ್ಲುವುದು ಕಷ್ಟ, ಸಿವಿಲ್ ಕೋರ್ಟಿನ ತಡೆಯಾಜ್ಞೆಯೇ ದಾರಿ.

ಕೇಳಿದವರು: ಅಡಿಕೆ ಇಡುವ ಕೋಣೆ ಮನೆಯಿಂದ ಬೇರೆ ಇದೆ. ಅದೂ ಬರುತ್ತದೆಯೇ?

ಕಾರವಾರದಿಂದ: ಬರುತ್ತದೆ. ಸಾಮಾನು ಕಾದಿಡುವ ಕಟ್ಟಡ, ದೇವಸ್ಥಾನ ಎರಡೂ 329ರೊಳಗೇ ಇವೆ. ಅದಕ್ಕೂ ಬೀಗ ಹಾಕಿ.