ಹಟ್ಟಿಯವರೂ ಇಲಾಖೆಯವರೂ ಸೇರಿ ಕಾಡು ಕಾಯಬಹುದಾ?

ಪ್ರಶ್ನೆ: ನಮ್ಮದು ಮೊಳಕಾಲ್ಮೂರು ಕಡೆಯ ಮ್ಯಾಸಬೇಡರ ಹಟ್ಟಿ. ಅಪ್ಪ ದೇವರ ಎತ್ತುಗಳ ಕಿಲಾರಿ, ಅಂದರೆ ಅವುಗಳನ್ನು ಕಾಯುವವರು. ಬೇಸಿಗೆಯಲ್ಲೂ ನೀರಿರುವ ಹಳ್ಳ ಯಾವುದು, ಕರಡಿ ಓಡಾಡುವ ಗುಡ್ಡ ಯಾವುದು, ಎಲ್ಲಾ ಅವರಿಗೆ ಗೊತ್ತು. ಆದರೆ ಕಾಡಿನ ಯೋಜನೆ ಮಾಡುವಾಗ ಯಾರೂ ಅವರನ್ನು ಕೇಳುವುದಿಲ್ಲ. ನಾವೂ ಪಾಲುದಾರರಾಗಲು ದಾರಿ ಇದೆಯಾ?

ಉತ್ತರ: ಇದೆ. 2006ರ ಅರಣ್ಯ ಹಕ್ಕು ಕಾಯ್ದೆ ನೋಡಿ. ಸಮುದಾಯದ ಕಾಡನ್ನು ಕಾಯುವ, ನಿರ್ವಹಿಸುವ ಹಕ್ಕೂ ಅದರಲ್ಲಿದೆ. ಕೆಲಸ ಗ್ರಾಮಸಭೆಯಿಂದಲೇ ಶುರು. ಬಿಳಿಗಿರಿರಂಗನ ಬೆಟ್ಟದ ಸೋಲಿಗರು 2011ರಲ್ಲಿ ಸಮುದಾಯ ಹಕ್ಕು ಪಡೆದರು, ಅದೂ ಹುಲಿ ಕಾಡಿನಲ್ಲಿ!

ಇನ್ನೊಬ್ಬರು: ಆಸ್ಟ್ರೇಲಿಯಾದ ಉಲುರು ಎಂಬ ದೊಡ್ಡ ಬಂಡೆಯ ಸುತ್ತಲಿನ ಭೂಮಿ 1985ರಲ್ಲಿ ಅಲ್ಲಿನ ಮೂಲನಿವಾಸಿಗಳಾದ ಅನಂಗು ಜನರಿಗೆ ವಾಪಸ್ ಬಂತು. ಅವರು ಅದನ್ನು ರಾಷ್ಟ್ರೀಯ ಉದ್ಯಾನಕ್ಕೆ 99 ವರ್ಷ ಗುತ್ತಿಗೆ ಕೊಟ್ಟರು. ಆಡಳಿತ ಮಂಡಳಿಯಲ್ಲಿ ಅವರದೇ ಬಹುಮತ. ಸುಮ್ನೆ ಸಭೆಗೆ ಕರೆದು ಸಹಿ ಹಾಕಿಸಿಕೊಂಡರೆ ಪಾಲುದಾರಿಕೆ ಆಗಲ್ಲ, ಅಲ್ವಾ?

ಕೇಳಿದವರು: ಪಕ್ಕದ ಕಾಡುಗೊಲ್ಲರ ಹಟ್ಟಿಯವರನ್ನೂ ಸೇರಿಸಿಕೊಳ್ಳಬೇಕು ಅಂತ ಆಸೆ.

ಉತ್ತರ: ಖಂಡಿತ ಸೇರಿಸಿ. ಅವರು ಪರಿಶಿಷ್ಟ ಪಂಗಡಕ್ಕೆ ಸೇರದಿದ್ದರೆ, 2005ರ ಡಿಸೆಂಬರ್ 13ಕ್ಕೆ ಮೊದಲಿನ 75 ವರ್ಷದ ನೆಲೆಯ ಪುರಾವೆ ಬೇಕು. ಹಿರಿಯರ ಹೇಳಿಕೆಯನ್ನು ಬರೆದು ಕೊಟ್ಟರೆ ಅದೂ ಪುರಾವೆಯೇ. ಅಜ್ಜಂದಿರು ಇರುವಾಗಲೇ ಬರೆಸಿಬಿಡಿ.